ನೂರರ ಕೆಳಗಿನ ಹೆಸರು

ಹುಮನಾಬಾದ
೧೫ ಡಿಸೆಂಬರ್ ೨೦೨೪, ಭಾನುವಾರ

ಧನಶ್ರೀಯ ಅಪ್ಪನವರಿಗೆ ಶರಣು.

ಫೋನು ಎತ್ತುವುದಿಲ್ಲ, ಮೆಸೇಜು ನೋಡಿಯೂ ನೋಡದ ಹಾಗೆ ಇರುತ್ತೀರಿ. ಹಾಗಾಗಿ ಈ ಕಾಗದ. ಇದನ್ನು ವಹೀದಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಉರ್ದು ಕಲಿಸುವ ಅವಳು ದಿನಾ ಬಸವಕಲ್ಯಾಣದಿಂದಲೇ ಬಂದು ಹೋಗುತ್ತಾಳಲ್ಲ, ಅಲ್ಲಿ ಸಂಗೀತ ಪಾಠಕ್ಕೆಂದು ನೀವು ಹಿಡಿದ ಖೋಲಿಯ ಮುಂದೆಯೇ ಅವಳ ದಾರಿ. ಓದದೆ ಹರಿದುಹಾಕಿದರೆ ಅವಳು ನನಗೆ ಹೇಳಿಬಿಡುತ್ತಾಳೆ, ಮೊದಲೇ ತಿಳಿಸಿದ್ದೇನೆ.

ನಾನು ಆರಾಮ ಇದ್ದೇನೆ. ಚಳಿ ಜೋರಾಗಿದೆ. ಸಜ್ಜೆ ರೊಟ್ಟಿ ಮಾಡಿದ ದಿನ ಒಂದು ಹೆಚ್ಚಿಗೆ ಬಡಿದು, ಮರುದಿನ ಅದನ್ನು ನಾನೇ ತಿನ್ನುತ್ತೇನೆ. ನಿಮ್ಮ ದೊಡ್ಡ ಹಾರ್ಮೋನಿಯಂ ಪೇಟಿ ಕಿಟಕಿಯ ಪಕ್ಕದಲ್ಲೇ ಇದೆ. ನೀವಿದ್ದಾಗ ಅದರ ಮೇಲೆ ಇಸ್ತ್ರಿ ಬಟ್ಟೆ ಇಟ್ಟರೆ ಕೂಗಾಡುತ್ತಿದ್ದಿರಿ. ಈಗ ಕೂಗಾಡುವವರು ಇಲ್ಲ, ಆದರೂ ಇಡುವುದಿಲ್ಲ.

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಆ ಪಟ್ಟಿಯ ವಿಷಯಕ್ಕೆ ಬರುತ್ತೇನೆ.

ಕಲಬುರಗಿಯ ಆ ಇಂಟರ್ನೆಟ್ ರೇಡಿಯೋದವರಿಗೆ ಯಾವ ಪುಣ್ಯಾತ್ಮ ಈ ಬುದ್ಧಿ ಕೊಟ್ಟನೋ ಕಾಣೆ. 'ಜನ ಮೆಚ್ಚಿದ ನೂರು ಸಂಗೀತ ಸಂಯೋಜಕರು' ಅಂತೆ. ರಾಗ ಹಿಡಿದು ವಚನಕ್ಕೆ ಧಾಟಿ ಕಟ್ಟುವವರನ್ನೂ, ಸಿನಿಮಾಕ್ಕೆ ಹಾಡು ಮಾಡುವವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ, ಆರಾರು ತಿಂಗಳಿಗೆ ಒಮ್ಮೆ ಜನರ ಮತ ಎಣಿಸಿ ಯಾರು ಮೇಲೆ ಯಾರು ಕೆಳಗೆ ಎಂದು ಹೇಳುತ್ತಾರೆ. ಈ ಸಲ ಮೊದಲನೆಯವರು ಮದುವೆ ಡಿ.ಜೆ.ಯಲ್ಲಿ ಕಿವಿ ಹರಿಯುವ ಹಾಗೆ ಹಾಕುತ್ತಾರಲ್ಲ, ಆ ಹಾಡಿನವರು. ತೀರಿಕೊಂಡು ಎಷ್ಟೋ ವರ್ಷವಾದ ಗವಾಯಿಯೊಬ್ಬರು ಹೋದ ಸಲಕ್ಕಿಂತ ಎರಡು ಸ್ಥಾನ ಕೆಳಗೆ ಇಳಿದಿದ್ದಾರೆ. ಸತ್ತವರು ಈ ಆರು ತಿಂಗಳಲ್ಲಿ ಅದೇನು ತಪ್ಪು ಮಾಡಿದರೋ ನನಗಂತೂ ತಿಳಿಯಲಿಲ್ಲ.

ನಕ್ಕುಬಿಡುವ ಮಾತು ಇದು. ಬೇಸಿಗೆಯಲ್ಲಿ ನನ್ನ ತಮ್ಮ ಶರಣಕುಮಾರನ ಮನೆಯ ಗೃಹಪ್ರವೇಶದ ದಿನ ನೀವೂ ನಕ್ಕುಬಿಟ್ಟಿದ್ದರೆ ಆಗುತ್ತಿತ್ತು. ಅವನ ಬೀಗರ ಪೈಕಿ ಯಾರೋ ಒಬ್ಬರು, ಊಟಕ್ಕೆ ಕೂತವರು, ಎಲ್ಲರ ಎದುರು ಫೋನು ತೆಗೆದು ಆ ಪಟ್ಟಿಯನ್ನು ಬೆರಳಲ್ಲಿ ಸರಿಸುತ್ತಾ, "ಮಾಸ್ತರ್, ನಿಮ್ಮ ಹೆಸರು ಇದರಾಗ ಎಲ್ಲೂ ಸಿಗವಲ್ದಲ್ರೀ" ಎಂದರು. ಕೂತವರೆಲ್ಲ ನಕ್ಕರು. ನೀವು ಕೈ ತೊಳೆದು ಎದ್ದಿರಿ. ಬಸ್ ಸ್ಟ್ಯಾಂಡಿನವರೆಗೆ ನಾನು ಹಿಂದೆ ಹಿಂದೆ ಬಂದೆ. "ಈ ಪಟ್ಟಿಯೊಳಗ ಹೆಸರು ಬರೋತನಕ ನಾ ಹುಮನಾಬಾದಿಗೆ ಬರಂಗಿಲ್ಲ" ಎಂದು ಹೇಳಿ ಬಸ್ ಹತ್ತಿದಿರಿ. ಅಲ್ಲಿಯವರೆಗೆ ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದ ಮನುಷ್ಯ, ಆಮೇಲೆ ಒಂದು ಶನಿವಾರವೂ ಬರಲಿಲ್ಲ. ಒಂದು ತಾಸಿನ ದಾರಿ, ನೋಡಿ.

ಯಾರೋ ಆಡಿದ ಮಾತಿಗೆ ನನ್ನನ್ನು ಯಾಕೆ ಬಿಟ್ಟು ಹೋದಿರಿ ಎಂದು ನಿಮ್ಮ ಮೇಲೆ ಬಹಳ ಸಿಟ್ಟಿತ್ತು. ಈಗಲೂ ಇದೆ. ಆದರೆ ಸಿಟ್ಟನ್ನು ಪಕ್ಕಕ್ಕಿಟ್ಟು ಈ ಸಲ ಕಂಡಕಂಡವರಿಗೆಲ್ಲ ಹೇಳಿದೆ, ಮತ ಹಾಕಿರಿ ಎಂದು. ನಾನು! ಶಾಲೆಯ ಚುನಾವಣೆಯಲ್ಲೂ ಯಾರ ಹತ್ತಿರವೂ ಕೈ ಚಾಚದವಳು. ವಹೀದಾ ಹಾಕಿದಳು. ಧನಶ್ರೀ ಬೀದರಿನ ಹಾಸ್ಟೆಲಿನಲ್ಲಿ ಗೆಳತಿಯರಿಂದೆಲ್ಲ ಹಾಕಿಸಿದಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೋದ ತಿಂಗಳು ಚಿಟಗುಪ್ಪದಿಂದ ಬರುವಾಗ ಬಸ್ಸಿನಲ್ಲಿ ಕೊಹಿನೂರ ಹಳ್ಳಿಯ ಹೆಣ್ಣುಮಗಳೊಬ್ಬಳು ಮಡಿಲಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡು ಗುನುಗುತ್ತಿದ್ದಳು. ನಾವು ಹೊಸದಾಗಿ ಮನೆ ಮಾಡಿದಾಗ ನೀವು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಟ್ಟಿದ ಧಾಟಿ ಅದು. ನನ್ನ ಮೈ ಜುಮ್ಮೆಂದಿತು. ಇದು ಯಾರು ಕಟ್ಟಿದ್ದು ಗೊತ್ತೇನು ಎಂದು ಕೇಳಿದೆ. "ಯಾರ್ ಕಟ್ತಾರವ್ವ? ನಮ್ಮೂರಾಗ ಮೊದಲಿಂದ ಹಾಡ್ತಾರ" ಎಂದಳು. ಅವಳಿಗೂ ಹೇಳಿ ಒಂದು ಮತ ಹಾಕಿಸಬೇಕಿತ್ತು. ಆದರೆ ಅವಳ ಜೊತೆ ನಾನೂ ಗುನುಗುತ್ತಾ ಕೂತುಬಿಟ್ಟೆ, ಮತದ ಮಾತೇ ಮರೆತುಹೋಯಿತು.

ಮೊನ್ನೆ ಪಟ್ಟಿ ಬಂತು. ಈ ಸಲ ನೂರರ ಕೆಳಗಿನವರ ಹೆಸರುಗಳನ್ನೂ, ಒಬ್ಬೊಬ್ಬರ ಹೆಸರಿನ ಮುಂದೆ ಬಿದ್ದ ಮತಗಳನ್ನೂ ಹಾಕಿದ್ದರು. ನೂರನೆಯವರಿಗಿಂತ ನಿಮಗೆ ಒಂದೇ ಒಂದು ಕಡಿಮೆ. ಅದೊಂದು ಬಿದ್ದಿದ್ದರೆ ಸಮ ಆಗುತ್ತಿತ್ತು, ಸಮವಾದವರ ಹೆಸರನ್ನೂ ನೂರನೆಯವರ ಜೊತೆಗೇ ಹಾಕುತ್ತಾರೆ. ಧನಶ್ರೀ ಅವತ್ತು ನಿಮ್ಮ ಹತ್ತಿರವೇ ಇದ್ದಳಲ್ಲ, ಫೋನಿನಲ್ಲಿ ಅಳುತ್ತಾ ಹೇಳಿದಳು: "ಪಪ್ಪಾ ಊಟ ಬಿಟ್ಟು ಎದ್ರು ಮಮ್ಮಿ. 'ಆ ತಪ್ಪಿದ ಒಂದು ಮತ ಯಾರದಂತ ನನಗ ಗೊತ್ತೈತಿ, ನಿಮ್ಮಮ್ಮಗ ನನ್ನ ಧಾಟಿ ಎಂದೂ ಸೇರಿಲ್ಲ' ಅಂದ್ರು."

ಸೇರಿಲ್ಲವಂತೆ! ನಿಮ್ಮ ಧಾಟಿಗಳ ಕಾಲಕ್ಕೆ ಎಷ್ಟು ಸಲ ಹಾಲು ಉಕ್ಕಿಸಿದ್ದೇನೆ, ಎಷ್ಟು ಸಲ ಬೇಳೆ ಸೀಯಿಸಿದ್ದೇನೆ, ಅದನ್ನು ಎಲ್ಲಿ ಬರೆಸಲಿ?

ನಾನು ಮತ ಹಾಕಿದ್ದೇನೆ. ಮೊದಲ ದಿನವೇ ಹಾಕಿದ್ದೇನೆ. ಹೇಗೆ ಕೆಟ್ಟಿತು ಎಂದು ಹೇಳಲು ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ, ಧನಶ್ರೀಗೂ.

ಆ ರೇಡಿಯೋದ ನಂಬರಿಗೆ ಫೋನು ಮಾಡಿದರೆ, ಬೀಪ್ ಎಂದ ಮೇಲೆ ಸಂಯೋಜಕರ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಬಟನ್ ಒತ್ತುವ ಹಾಗಿಲ್ಲ, ಬರೆಯುವ ಹಾಗಿಲ್ಲ. ನನ್ನ ಕಥೆ ನಿಮಗೆ ಗೊತ್ತಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನು ಎಂದರೆ ಆಧಾರ್ ಕಾರ್ಡ್ ಮುಂದೆ ತಳ್ಳುವವಳು ನಾನು. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಸೂಗಮ್ಮ ಹೇಳುತ್ತಿದ್ದಳು. ನಾನು ಮಕ್ಕಳಿಗೆ ವಿಜ್ಞಾನ ಕಲಿಸುವವಳು, ಅದನ್ನು ನಂಬುವುದಿಲ್ಲ. ಆದರೆ ನಾಲಿಗೆಗೆ ವಿಜ್ಞಾನ ಗೊತ್ತಿಲ್ಲ, ಅದು ಹೊರಳುವುದಿಲ್ಲ. ಒಂದು ವೇಳೆ ನಮ್ಮವ್ವನ ಮಾತೇ ನಿಜವಾದರೆ ಎಂದು ಒಳಗೊಂದು ಹೆದರಿಕೆ. ಅಲ್ಲಿ ಒಬ್ಬರೇ ಇದ್ದೀರಿ ಬೇರೆ.

ಬೀಪ್ ಎಂದಿತು. ನನಗೆ ನಿಮ್ಮ ಹೆಸರು ಹೇಳಲು ಗೊತ್ತಿರುವುದು ಒಂದೇ ದಾರಿ. ನಮ್ಮ ಮದುವೆಯ ದಿನ ನಿಮ್ಮ ಅಕ್ಕಂದಿರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಕಾಡಿದಾಗ ಹೇಳಿದ ಒಡಪು. ಫೋನು ಕಿವಿಗೆ ಹಿಡಿದು, ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ ಅದನ್ನೇ ಹೇಳತೊಡಗಿದೆ:

ತಾಟಿನ್ಯಾಗ ಹೋಳಿಗಿ, ಹೋಳಿಗಿಮ್ಯಾಗ ತುಪ್ಪ,
ಪೇಟಿ ದನಿ ಕೇಳಿ ಒಪ್ಯಾನ ನಮ್ಮಪ್ಪ,
ಕೇಳಿದವರಿಗೆ ಹೇಳ್ತೀನಿ ಒಂದು ಸಲ ನಿಂತ,
ನಮ್ಮ ಮನಿಯವರ ಹೆಸರು ಕಲ್ಲಿನಾಥ ಅಂತ.

ನಮ್ಮಪ್ಪ ಒಪ್ಪುವಷ್ಟರಲ್ಲಿ ಫೋನಿನೊಳಗಿನಿಂದ ಒಬ್ಬಳು "ಧನ್ಯವಾದಗಳು, ನಿಮ್ಮ ಮತ ದಾಖಲಾಗಿದೆ" ಎಂದು ಫೋನು ಇಟ್ಟಳು. ಒಡಪಿನಲ್ಲಿ ಹೆಸರು ಬರುವುದೇ ಕೊನೆಗೆ. ಆ ಯಂತ್ರಕ್ಕೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮತ್ತೆ ಮಾಡಿದೆ. ಒಂದು ನಂಬರಿಗೆ ಒಂದೇ ಮತ ಎಂದಳು. ಹೋಗಲಿ, ಒಂದು ಮತದಿಂದ ಏನಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ನೀವು ಪಟ್ಟಿಯನ್ನು ನೂರರವರೆಗೆ ನೋಡಿ, ಅದರ ಕೆಳಗೆ ನಿಮ್ಮ ಹೆಸರು ಕಂಡ ಕೂಡಲೇ ಮುಚ್ಚಿಟ್ಟಿರುತ್ತೀರಿ. ಇನ್ನೂ ಕೆಳಗೆ ಇಳಿಯಿರಿ. ಒಂದೊಂದೇ ಮತ ಬಿದ್ದವರೆಲ್ಲ ತಳದಲ್ಲಿದ್ದಾರೆ. ಅವರಲ್ಲಿ 'ತಾಟಿನ್ಯಾಗ ಹೋಳಿಗಿ' ಎಂಬ ಸಂಯೋಜಕರೊಬ್ಬರಿದ್ದಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದನ್ನು ಓದಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕ ಹಾಗೆ ಮಾಡಿ, ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಅತ್ತೆ. ಆ ಹೆಸರು ಯಾರದೆಂದು ಇಡೀ ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು.

ಈಗ ನಿಮಗೆ ಬಿಟ್ಟಿದ್ದು. ಹೋಳಿಗಿ ಎಂಬುದು ನಿಮ್ಮ ಹೆಸರೇ ಎಂದು ಒಪ್ಪಿದರೆ ಆ ಒಂದು ಮತವೂ ಸೇರಿ ಪಟ್ಟಿಯೊಳಗೆ ಬಂದ ಹಾಗೆಯೇ. ಒಪ್ಪದಿದ್ದರೆ ಇನ್ನೂ ಆರು ತಿಂಗಳು ಕಾಯಬೇಕು. ನನಗೆ ಕಾಯುವುದು ಸಾಕಾಗಿದೆ. ಎಷ್ಟನೆಯವರಾದರೂ ನನಗೆ ನೀವು ಬೇಕು, ಈ ಶನಿವಾರವೇ ಬೇಕು. ಸಿಟ್ಟಿದ್ದರೆ ಇಲ್ಲಿಗೆ ಬಂದು ಮಾಡಿ, ನಾನೂ ಮಾಡುವುದು ಬಹಳ ಬಾಕಿ ಇದೆ.

ಕಿವಿಗೆ ಮಫ್ಲರ್ ಸುತ್ತಿಕೊಳ್ಳದೆ ತಿರುಗಬೇಡಿ. ನೀವು ಸೊರಗಿದ್ದೀರಿ ಎಂದು ವಹೀದಾ ಹೇಳಿದಳು.

ನಿಮ್ಮವಳು,
ಜಯಮಾಲಾ

ತಾ.ಕ.: ಬರುವ ಸಲದ ಪಟ್ಟಿಗೆ ತಪ್ಪಬಾರದೆಂದು ನಿನ್ನೆ ರೂಢಿ ಮಾಡಲು ಕೂತೆ. ಬಾಗಿಲು ಹಾಕಿಕೊಂಡು, ಒಡಪಿಲ್ಲದೆ, ಬರೀ ಹೆಸರು ಹೇಳಿದೆ. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಕರೆಯುವ ಹಾಗೆಯೇ, ಕಲ್ಲಿನಾಥ ಎಂದು. ನಾಲಿಗೆ ಹೊರಳಿತು, ಏನೂ ಆಗಲಿಲ್ಲ. ಆದರೆ ಕರೆದ ಮೇಲೆ ಸುಮ್ಮನೆ ನಿಂತೇ ಇದ್ದೆ. ಯಾರೂ 'ಓ' ಎನ್ನಲಿಲ್ಲ.