ಮಾಂಡಣಿಯ ಮೇಲಿನ ತಂಬಿಗೆ

ಅತ್ತಿ,

ಹೇಗಿದ್ದೀರಿ ಎಂದು ಕೇಳುವ ಹಾಗಿಲ್ಲ. ಕೇಳದೆ ಮಾತು ಶುರು ಮಾಡಿದರೆ ನಿಮಗೆ ಸೇರುವುದಿಲ್ಲ. ಮನೆಗೆ ಯಾರೇ ಬರಲಿ, ಮೊದಲು ನೀರು, ಆಮೇಲೆ ಆರಾಮ, ಆಮೇಲೆ ಸುದ್ದಿ. ಅದು ನಿಮ್ಮ ಕ್ರಮ. ಹಾಗಾಗಿ ನೀರು ಕುಡಿದೇ ಬರೆಯಲು ಕೂತಿದ್ದೇನೆ. ನಾವೆಲ್ಲ ಆರಾಮ. ಸುದ್ದಿ ಎರಡಿವೆ. ಒಂದು ನೀವು ದಿನಾ ಕೇಳುತ್ತಿದ್ದದ್ದು. ಇನ್ನೊಂದು ನೀವೇ ಮಾಡಿಟ್ಟು, ನನಗೆ ಹೇಳದೆ ಹೋದದ್ದು.

ಮದುವೆಯಾಗಿ ತಿಕೋಂಡಿಯಿಂದ ಜತ್ತಕ್ಕೆ, ನಿಮ್ಮ ಮನೆಗೆ ಬಂದ ದಿನ ನೆನಪಿದೆಯೇ? ಅಪ್ಪ ಕೊಟ್ಟ ಪಾತ್ರೆ-ಭಾಂಡೆಗಳೆಲ್ಲ ಟಂಟಂ ಗಾಡಿಯಿಂದ ಇಳಿದು ಅಡುಗೆಮನೆಯ ಮೂಲೆಯಲ್ಲಿ ಗೋಣಿಯ ಮೇಲೆ ಕುಳಿತವು. ಹೊಸ ಭಾಂಡೆಗಳ ಜೊತೆ ಅಪ್ಪ ನಮ್ಮ ಮನೆಯ ಹಳೆಯ ತಾಮ್ರದ ತಂಬಿಗೆಯನ್ನೂ ಕೊಟ್ಟಿದ್ದ. ಅದನ್ನು ಎತ್ತಿ, ಗೋಡೆಗೆ ಹೊಡೆದ ನಿಮ್ಮ ಮಾಂಡಣಿಯ ಹಲಗೆಯ ಮೇಲೆ, ಹುಣಸೆಹಣ್ಣು ಹಚ್ಚಿ ಬೆಳಗಿದ ನಿಮ್ಮ ಭಾಂಡೆಗಳ ಸಾಲಿನಲ್ಲಿ ಇಡಲು ಹೋದೆ. “ಮ್ಯಾಲೆ ಇಡಬ್ಯಾಡವಾ. ನಾಕ ದಿನದಾಗ ಪುಣೆಕ್ಕ ಹೋಗವ್ರು ನೀವು. ಮತ್ತ ಇಳಿಸೂ ತ್ರಾಸ ಯಾಕ?” ಎಂದಿರಿ. ನಿಮ್ಮ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಿಮ್ಮ ಮಗನಿಗೆ ಪುಣೆಯ ಕೆಲಸ ಇನ್ನೇನು ಆಯಿತು ಎನ್ನುವ ಹಾಗಿತ್ತು. ಆಗಲಿಲ್ಲ. ಇವರು ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳಲು ನಿಂತರು. ನಾನು ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಕುಳಿತೆ. ಭಾಂಡೆಗಳು ಮಾತ್ರ ಮೂಲೆಯಲ್ಲೇ ಉಳಿದವು. ಎತ್ತಿಡು ಎಂದು ನೀವು ಹೇಳಲಿಲ್ಲ, ಇಡಲೇ ಎಂದು ನಾನು ಕೇಳಲಿಲ್ಲ. ನೀವು ನನ್ನನ್ನು ಎಷ್ಟು ಅಕ್ಕರೆಯಿಂದ ನೋಡಿಕೊಂಡರೂ, ಆ ಮೂಲೆ ಕಂಡಾಗ ನನಗೆ ಬೇಜಾರಾಗುತ್ತಿತ್ತು. ಈ ಮನೆಯಲ್ಲಿ ನಾನೂ ನಾಕು ದಿನ ಇಳಿದುಕೊಂಡವಳೇನೋ, ನಾಳೆ ಹೋಗುವವಳೇನೋ...

ನಾದಿನಿ ರೇಖಾಳ ಮದುವೆಯಲ್ಲಿ ನಿಮ್ಮ ಮಾಂಡಣಿಯ ಕಾಯಿದೆ ಪೂರ್ತಿ ತಿಳಿಯಿತು. ಮಗಳ ಮದುವೆ ಎಂದು ಓಣಿಯವರಿಂದ ಕೊಡ, ಪಾತೇಲಿ, ಪರಾತ ಎಲ್ಲ ಬಂದವು. “ಕೇಳಿ ತಂದದ್ದು ನೆಲದ ಮ್ಯಾಲೆ, ಮನೀದು ಮಾಂಡಣಿ ಮ್ಯಾಲೆ. ಒಂದು ತಾಸಿಗೂ ಕೂಡಿಸಬ್ಯಾಡ್ರಿ!” ಎಂದು ನೀವು ಕೂಗಿದ್ದು ಮಂಟಪದವರೆಗೂ ಕೇಳಿಸಿತ್ತು. ಯಾಕೆಂದು ಕೇಳಿದರೆ ನಗಲು ಶುರು ಮಾಡಿದಿರಿ. ನೀವು ಹೊಸ ಸೊಸೆಯಾಗಿದ್ದಾಗ ಎರವಲು ತಂದ ತಂಬಿಗೆಯೊಂದನ್ನು ತೊಳೆದು ಮಾಂಡಣಿಗೆ ಏರಿಸಿಬಿಟ್ಟಿದ್ದಿರಂತೆ. ಅದರ ಮೇಲೆ ಕೊರೆದದ್ದು ಶಿ. ಬ., ಈ ಮನೆಯ ತಂಬಿಗೆಯ ಮೇಲೂ ಶಿ. ಬ. ನಮ್ಮ ಕಡೆ ಶಿವಪ್ಪ ಬಸಪ್ಪರಿಗೇನು ಬರವೇ? ಕೊಟ್ಟವರು ಕೇಳಲು ಬಂದಾಗ ನೀವು ಅಕ್ಷರ ನೋಡಿ, ಮನೆಯದನ್ನೇ ಎತ್ತಿ ಅವರ ಕೈಗಿಟ್ಟಿರಿ. ಅದು ತಿರುಗಿ ಬರುವ ತನಕ ನಿಮ್ಮ ಅತ್ತೆ ಬೇರೆ ತಂಬಿಗೆಯ ನೀರು ಮುಟ್ಟಲಿಲ್ಲವಂತೆ. “ಸತ್ಯಾಗ್ರಹನ ಹೂಡಿದ್ರವಾ ನಮ್ಮತ್ತ್ಯಾರು!” ಎಂದು ಕಣ್ಣೊರೆಸಿಕೊಂಡು ನಕ್ಕಿರಿ. ನಾನೂ ನಕ್ಕೆ. ನನ್ನ ಅಪ್ಪನ ತಂಬಿಗೆಯ ಮೇಲೂ ಅದೇ ಶಿ. ಬ. ಇದೆ, ನೋಡಲು ನಿಮ್ಮ ತಂಬಿಗೆಯ ಹಾಗೆಯೇ ಇದೆ, ನನ್ನದರ ತಳದಲ್ಲಿ ಒಂದು ನೆಗ್ಗು ಅಷ್ಟೇ ಹೆಚ್ಚು ಎಂದು ತೋರಿಸಿದೆ. ಮದುವೆ ಮುಗಿದ ಮೇಲೆ, ಧೂಳು ಕೂರುತ್ತದೆಂದು ನೀವು ನನ್ನ ಭಾಂಡೆಗಳನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಿರಿ. ಚೀಲ ಅದೇ ಮೂಲೆಯಲ್ಲಿ ಕುಳಿತಿತು.

ನೀವು ಮೆಂತೆಪಲ್ಯ ಸೋಸುತ್ತ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದ ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. “ಹಣಿ ಗಂಟು ಹಾಕ್ಕೊಂಡು ಏನ್ ನೋಡ್ತಿ ಅದರಾಗ? ಯಾರ ಬೈದಾರು?” ಎಂದಿರಿ. ನಾನು ಹೇಳುತ್ತ ಹೋದೆ. ಡೇಟಾಬೇಸ್ ಒಳಗೆ ಬರೆದದ್ದೆಲ್ಲ ಟೇಬಲ್‌ಗಳಲ್ಲಿ ಇರುತ್ತದೆ. ಒಂದೊಂದು ಟೇಬಲ್ಲಿಗೂ ಡಿಸ್ಕಿನಲ್ಲಿ ಒಂದು ಫೈಲು, ಆ ಫೈಲಿಗೆ ಹೆಸರಿಲ್ಲ, ನಂಬರು ಮಾತ್ರ. ಈ ನಂಬರಿನ ಫೈಲು ಯಾವ ಟೇಬಲ್ಲಿನದು ಎಂದು ಹುಡುಕಿ ಹೇಳುವ ಕೋಡಿನ ಒಂದು ತುಣುಕು ಅದರೊಳಗೇ ಇದೆ. ನಡುವೆ ಯಾರೋ ಬಂದು ತಮ್ಮ ಕೆಲಸಕ್ಕೆಂದು ತಾತ್ಕಾಲಿಕ ಟೇಬಲ್ ಮಾಡಿಕೊಳ್ಳುತ್ತಾರೆ, ಅವರು ಹೋಗುವಾಗ ಅದೂ ಹೋಗುತ್ತದೆ. ಅಂಥದ್ದರ ಫೈಲಿಗೆ ಬೇರೆ ಗುರುತು ಇರುವುದರಿಂದ, ಕಾಯಂ ಟೇಬಲ್ಲಿನ ನಂಬರೇ ಅದಕ್ಕೂ ಬಂದರೆ ಡಿಸ್ಕಿಗೇನೂ ಗೊಂದಲವಿಲ್ಲ. ಹುಡುಕುವ ತುಣುಕು ಮಾತ್ರ ಆ ಗುರುತನ್ನು ನೋಡುತ್ತಿರಲಿಲ್ಲ. ಒಂದೇ ನಂಬರಿಗೆ ಎರಡು ಟೇಬಲ್ ಕಂಡು ಗಾಬರಿಯಾಗಿ ಕೆಲಸವನ್ನೇ ನಿಲ್ಲಿಸಿಬಿಡುತ್ತಿತ್ತು. ಅಪರೂಪಕ್ಕೆ ಆಗುವುದು, ಆದ ದಿನ ನನ್ನ ಫೋನು ಸುಮ್ಮನಿರುತ್ತಿರಲಿಲ್ಲ.

“ಅಂದ್ರ ನಂದ ಕತಿ ಆತು ಅದರದೂ,” ಎಂದು ನಿಮಗೆ ಖುಷಿಯೋ ಖುಷಿ. “ಬಂದಾಕಿಗೆ ಬ್ಯಾರೆ ನಂಬರ ಕೊಡು, ಮುಗೀತು.”

“ಅದು ಭಾಳ ದೊಡ್ಡ ಕೆಲಸ ಆಗತೈತ್ರಿ ಅತ್ತಿ. ಹುಡುಕುವಾಗ ನೆಲದ ಮ್ಯಾಲಿನವು ಬಿಟ್ಟು ಮಾಂಡಣಿ ಮ್ಯಾಲಿನವು ಅಷ್ಟ ನೋಡಿದ್ರ ಸಾಕು.”

ನಿಮ್ಮ ಕಾಯಿದೆಯನ್ನೇ ಹಿಡಿದೆ, ಮೆಚ್ಚುತ್ತೀರಿ ಎಂದುಕೊಂಡಿದ್ದೆ. ನೀವು ಸೋಸುವುದನ್ನು ನಿಲ್ಲಿಸಿದಿರಿ. “ಬಿಟ್ಟು ಅಂದ್ರ? ಬಂದಾಕೀನ ಲೆಕ್ಕಕ್ಕ ಹಿಡಿಯಂಗಿಲ್ಲೇನು? ಆಕೀದು ಆಕಿ ಕೇಳಿದ್ರ ಸಿಗಬೇಕಲಾ?” ಸಿಗುತ್ತದೆ, ಅವಳು ತನ್ನ ಟೇಬಲ್ಲನ್ನು ಹೆಸರು ಹಿಡಿದು ಕರೆಯುತ್ತಾಳೆ, ನಂಬರಿನಿಂದ ಅಲ್ಲ ಎಂದೆ. “ಬಾಯಿಮಾತು ಬ್ಯಾಡ. ಮಾಡಿ ನೋಡಿ ಹೇಳು.” ನಿಮ್ಮ ಹಟಕ್ಕೆ ಅದನ್ನು ಒರೆಹಚ್ಚುವ ಪರೀಕ್ಷೆಯೊಂದನ್ನೂ ಕೋಡಿಗೆ ಸೇರಿಸಿದೆ. ಅವಳದು ಅವಳಿಗೆ ಸಿಕ್ಕಿತು. ನನ್ನ ಚೀಲದ ಭಾಂಡೆಗಳು ಯಾವ ಲೆಕ್ಕದಲ್ಲಿವೆ ಎಂದು ಆವತ್ತೇ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನೀವೂ ಆ ಹೊತ್ತು ಮೂಲೆಯ ಕಡೆಗೇ ನೋಡುತ್ತಿದ್ದಿರಲ್ಲವೇ?

ನನ್ನ ತಿದ್ದುಪಡಿಯನ್ನು ಆ ಡೇಟಾಬೇಸ್ ಕಟ್ಟುವ ಮಂದಿಗೆ ಕಳಿಸಿದ ಮೇಲೆ ನಿಮಗೆ ದಿನವೂ ಅದೇ ಧ್ಯಾನ. “ಹತ್ತೇತೇನವಾ ನಿಂದು ಮಾಂಡಣಿ?” ಇಲ್ಲರಿ, ಇನ್ನೂ ನೋಡುತ್ತಿದ್ದಾರೆ ಎಂದರೆ, “ಇಷ್ಟ ನೋಡಾಕ ಅವ್ರೇನು ಹೆಣ್ಣ ನೋಡಾಕ ಬಂದಾರೇನು?” ಅಪರಿಚಿತರು ನನ್ನ ಕೆಲಸವನ್ನು ತೂಗಿ ನೋಡುತ್ತಿದ್ದಾಗ ಹೆದರಿಕೆಯಾಗುತ್ತಿತ್ತು. ನಿಮ್ಮ ಈ ಮಾತು ಕೇಳಿ ನಗು ಬಂದು ಅರ್ಧ ಹೆದರಿಕೆ ಇಳಿಯುತ್ತಿತ್ತು. ಇನ್ನೂ ಉತ್ತರ ಬಂದಿರಲಿಲ್ಲ, ಅಷ್ಟರಲ್ಲಿ ನೀವೇ... ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹೊಡೆದವರು, ಮಧ್ಯಾಹ್ನ ಸುಸ್ತು ಎಂದು ಮಲಗಿದವರು...

ಅದು ಹತ್ತಿತು, ಅತ್ತಿ. ಮಾಂಡಣಿ ಹತ್ತಿತು. ತಾತ್ಕಾಲಿಕವಾದದ್ದು ಕಂಡರೆ ಬಿಟ್ಟು ಮುಂದೆ ನೋಡು, ಇಷ್ಟೇ ಅದರ ತಿರುಳು. ಬಿಟ್ಟರೆ ಆ ಟೇಬಲ್ ಮಾಡಿಕೊಂಡವರಿಗೆ ತೊಂದರೆಯಾಗದೇ ಎಂದು ಅವರಲ್ಲೊಬ್ಬರು ನಿಮ್ಮ ಹಾಗೆಯೇ ಕೇಳಿದರು. ನಿಮಗಾಗಿ ಮಾಡಿದ ಪರೀಕ್ಷೆಯನ್ನು ತೋರಿಸಿದೆ, ಒಪ್ಪಿದರು. ಒಪ್ಪಿದ ಸುದ್ದಿ ಬಂದ ದಿನ ಎದ್ದು ಅಡುಗೆಮನೆಗೆ ಓಡಿದೆ. “ಅತ್ತಿ, ಹತ್ತಿತ್ರಿ!” ಎಂದು ಬಾಯಿಂದ ಬಂದೂ ಬಿಟ್ಟಿತು. ಒಲೆಯ ಮುಂದೆ ಯಾರೂ ಇರಲಿಲ್ಲ. ಅಲ್ಲೇ ಕುಳಿತು ಅತ್ತೆ.

ಮೊನ್ನೆ ರೇಖಾ ಬಾಲಗಾಂವದಿಂದ ಬಂದಿದ್ದಳು, ಅವ್ವನ ನೆನಪಿಗೆ ಒಂದು ಭಾಂಡೆ ಒಯ್ಯುತ್ತೇನೆಂದು. ಅವಳು ಕೈ ಹಾಕಿದ್ದು ಮೇಲಿನ ಸಾಲಿನ ಶಿ. ಬ. ತಂಬಿಗೆಗೆ, ನೀವು ದಿನಾ ನಸುಕಿನಲ್ಲಿ ನಾನು ಏಳುವ ಮೊದಲೇ ನೀರು ತುಂಬಿಟ್ಟು ಕುಡಿಯುತ್ತಿದ್ದದ್ದಕ್ಕೆ. ಅದನ್ನು ಬೆಳಗಲು ನೀವು ನನಗೆ ಬಿಡುತ್ತಿರಲಿಲ್ಲ. ನೀವು ಹೋದ ಮೇಲೆ ಮುಟ್ಟಲು ನನಗೇ ಮನಸ್ಸಾಗಿರಲಿಲ್ಲ. ಅವಳು ಸೆರಗಿನಿಂದ ಒರೆಸಲು ಬೋರಲು ಮಾಡಿದಳು. ತಳದಲ್ಲಿ ನೆಗ್ಗು ಕಂಡಿತು. ನನ್ನ ಅಪ್ಪನ ತಂಬಿಗೆ! ಅದು ಮೇಲೆ ಹೇಗೆ ಬಂತೆಂದು ನಾನು ಯೋಚಿಸುವಷ್ಟರಲ್ಲಿ, ಬಸ್ಸಿನ ಹೊತ್ತಾಯಿತೆಂದು ಅವಳು ಅದನ್ನು ಹಿಡಿದು ಹೊರಟೇ ಹೋದಳು. ನಾನು ಮೂಲೆಯ ಚೀಲ ಬಿಚ್ಚಿದೆ. ಎಲ್ಲಕ್ಕಿಂತ ಮೇಲೆ, ನಿಮ್ಮ ಹಳೆಯ ನೀಲಿ ಸೀರೆಯ ತುಂಡಿನಲ್ಲಿ ಸುತ್ತಿ, ನಿಮ್ಮ ತಂಬಿಗೆ ಇತ್ತು.

ಸೀರೆಯಲ್ಲಿ ಸುತ್ತಿರದಿದ್ದರೆ, ಈ ಸಲವೂ ಅಕ್ಷರ ನೋಡಿ ಮೋಸ ಹೋದಿರಿ ಎಂದು ನಗಬಹುದಿತ್ತು. ನೀವು ತಿಳಿದೇ ಮಾಡಿದ್ದೀರಿ. ನನ್ನದನ್ನು ಮೇಲೆ ಏರಿಸಿ, ನಿಮ್ಮದನ್ನು ನನಗೆಂದು ಇಟ್ಟಿದ್ದೀರಿ. ಎಷ್ಟು ಬೆಳಗು ನೀವು ನನ್ನ ಅಪ್ಪನ ತಂಬಿಗೆಯಲ್ಲಿ ನೀರು ಕುಡಿದಿರಿ? ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ರೇಖಾಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ವೈನಿ, ಅದು ಎಲ್ಲಿತ್ತು?” ಎಂದಳು. ಮಾಂಡಣಿಯ ಮೇಲೆ ಎಂದೆ.

“ಮತ್ತ? ಮಾಂಡಣಿ ಮ್ಯಾಲಿದ್ದದ್ದು ಮನೀದು. ಅವ್ವಂದ ಅದು. ನಾ ಏನ ತಿರುಗಿ ಕೊಡಂಗಿಲ್ಲ ತಗೊ.”

ಇಬ್ಬರೂ ನಕ್ಕೆವು.

ಇವತ್ತು ಬೆಳಿಗ್ಗೆ ಚೀಲವನ್ನು ಪೂರ್ತಿ ಖಾಲಿ ಮಾಡಿ, ಎಲ್ಲಕ್ಕೂ ಹುಣಸೆಹಣ್ಣು ಹಚ್ಚಿ ಬೆಳಗಿ ಮೇಲೆ ಏರಿಸಿದೆ. ಅಪ್ಪನ ತಂಬಿಗೆ ಇದ್ದ ಜಾಗದಲ್ಲಿ ನಿಮ್ಮದು ಕುಳಿತಿದೆ, ಈ ಪತ್ರಕ್ಕೆ ಮೊದಲು ಅದರ ನೀರನ್ನೇ ಕುಡಿದದ್ದು. ಮೂರು ಸಾಲಿನಲ್ಲೂ ಜಾಗ ಸಾಲದೆ, ಇನ್ನೊಂದು ಸಾಲು ಹೊಡೆಸಲು ನಿಮ್ಮ ಮಗ ಗೋಡೆ ಅಳೆಯುತ್ತಿದ್ದಾರೆ. “ಪುಣೆಕ್ಕ ಹೋಗೂದಾದ್ರ ಇಷ್ಟೂ ಇಳಿಸಬೇಕಲಾ,” ಎಂದು ಕಾಡಿಸುತ್ತಿದ್ದಾರೆ.

ಇಳಿಸುವುದಿಲ್ಲ, ಅತ್ತಿ.

ನಿಮ್ಮ ಮನೆಯ
ಸುನಂದಾ