ಪರದೆಯಾಚೆಯ ಕೆಮ್ಮು

ಭಾನುವಾರ, ಎಲ್ಲರೂ ಮಲಗಿದ ಮೇಲೆ

ಅಕ್ಕಾ,

ಹೇಗಿದೀಯ? ಭಾವ ಹೇಗಿದಾರೆ? ಮರಿ ಮಲಗಿದಳಾ? ನೀನು ವಾಯ್ಸ್ ಮೆಸೇಜ್ ಕಳಿಸಿ ವಾರವಾಯ್ತು, ನಾನು ತುಟಿ ಬಿಚ್ಚಿಲ್ಲ. ಮುಖ ಊದಿಸ್ಕೊಂಡಿರ್ತೀಯ, ಗೊತ್ತು. ಬೈಯಿ, ಬೈಸ್ಕೋತೀನಿ, ಆದರೆ ಮೊದಲು ಪೂರ್ತಿ ಕೇಳು. ಬಚ್ಚಲಲ್ಲಿ ಬಕೆಟ್ ಬೋರಲು ಹಾಕ್ಕೊಂಡು ಕೂತು ಫೋನಿಗೆ ಪಿಸುಗುಡ್ತಿದೀನಿ. ಬಾಗಿಲು ಒಂಚೂರು ತೆರೆದೇ ಇದೆ. ಆಚೆ ಡುಮ್ಮ ಮಲಗಿದಾನೆ, ಅವನ ಉಸಿರು ನನಗೆ ಕೇಳ್ತಿರಬೇಕು.

ಡುಮ್ಮ ಅಂದ್ರೆ ನಾನು ನೋಡ್ಕೊಳ್ಳೋ ಹುಡುಗ. ಐದು ವರ್ಷ. ಊದಿದರೆ ಹಾರಿಹೋಗೋ ಹಾಗಿದಾನೆ, ಅದಕ್ಕೇ ಡುಮ್ಮ ಅಂತ ಕರೆಯೋದು. ಅವನ ಅಪ್ಪ ಅಮ್ಮನ ಜೊತೆ ರಜೆಗೆ ಬಂದು ಬಾಡಿಗೆ ಮನೇಲಿ ಇದೀವಿ. ನಾಳೆ ಬೆಳಿಗ್ಗೆ ವಾಪಸ್ ವಿಮಾನ. ನನಗೆ ಭಯ ಆಗ್ತಿದೆ ಅಕ್ಕಾ.

ಬರುವಾಗ ಏನಾಯ್ತು ಅಂತ ನಿನಗೆ ಹೇಳಲೇ ಇಲ್ಲ. ಸಾಹೇಬರು, ಮೇಡಂ ಮುಂದೆ, ಮಲಗಿಕೊಂಡೇ ಹೋಗೋ ದೊಡ್ಡ ಸೀಟಲ್ಲಿ. ನಾನು, ಡುಮ್ಮ ಹಿಂದೆ. ನಡುವೆ ಒಂದು ಪರದೆ. ಟಿಕೆಟ್ ತೆಗೆಯುವಾಗ ಸಾಹೇಬರು ಅಂದಿದ್ದರು, "ಅವನಿಗ್ಯಾಕೆ ಕಾಲು ಚಾಚೋ ಸೀಟು? ಚಾಚೋಕೆ ಕಾಲು ಬೆಳೀಲಿ ಮೊದಲು." ಮೇಡಂ ಮಾತ್ರ ನನ್ನ ಕಡೆ ನೋಡಿ, "ವರ್ಷಕ್ಕೊಂದು ಸಲ ಬೆನ್ನು ನೆಟ್ಟಗೆ ಮಾಡಿ ಮಲಗಬೇಕು ಅನ್ಸುತ್ತೆ ಕಣೇ, ತಪ್ಪಾ?" ಅಂದರು. ತಪ್ಪು ಅಂತ ನನಗೂ ಅನ್ನಿಸಲಿಲ್ಲ. ಅವರು ದುಡಿಯೋದನ್ನ ನೋಡಿದೀನಿ.

ಆದರೆ ಇವರ ಮನೇಲಿ ಒಂದು ಕಟ್ಟಳೆ ಇದೆ. ಊಟ, ಸ್ನಾನ, ನಿದ್ದೆ ಎಲ್ಲಾ ನಂದು, ಔಷಧಿ ಮಾತ್ರ ತಾಯೀದು. ಡುಮ್ಮನಿಗೆ ಉಸಿರು ಕಟ್ಟಿದಾಗ ಬಾಯಿಗಿಟ್ಟು ಒತ್ತೋ ಪಂಪು ಯಾವಾಗಲೂ ಮೇಡಂ ಬ್ಯಾಗಲ್ಲಿ. ಮನೇಲಾದ್ರೆ ಸರಿ, ಒಂದು ಕೂಗು ಹಾಕಿದರೆ ಬರ್ತಾರೆ. ವಿಮಾನ ಹತ್ತುವಾಗ ಬ್ಯಾಗು ಅವರ ಹೆಗಲ ಮೇಲೆ ಮುಂದಕ್ಕೆ ಹೋಯ್ತು. ನನಗೂ ಹೊಳೀಲಿಲ್ಲ, ಅವರಿಗೂ ಹೊಳೀಲಿಲ್ಲ.

ಪಕ್ಕದ ಸೀಟಿನ ಅಜ್ಜ ಕೇಳಿದ್ದರು, "ನಿನ್ನ ಮಗನೇನಮ್ಮಾ?"

"ಅಲ್ಲ ತಾತ, ಇವನ ಅಪ್ಪ ಅಮ್ಮ ಪರದೆ ಆಚೆ ಇದಾರೆ."

"ಅಯ್ಯೋ, ಜಗಳ ಆಡ್ಕೊಂಡ್ರಾ?"

ನಕ್ಕೆ ನೋಡು. ನಕ್ಕ ಬಾಯಿ ಮುಚ್ಚಿರಲಿಲ್ಲ, ವಿಮಾನ ಧಡ್ ಅಂತ ಕೆಳಗೆ ಬಿತ್ತು. ಬಿತ್ತು ಅಂದ್ರೆ ಹೊಟ್ಟೆ ಮೇಲೇ ಉಳೀತು, ನಾವು ಕೆಳಗೆ. ಯಾರೋ ಕಿರುಚಿದರು. ಮತ್ತೆ ಬಿತ್ತು. ಡುಮ್ಮ ಕೆಮ್ಮಿದ. ಅವನ ಬರೀ ಕೆಮ್ಮು ನನಗೆ ಗೊತ್ತು, ಇದು ಅದಲ್ಲ. ಒಣ ಎಲೆ ಮುರಿದ ಹಾಗೆ ಸಣ್ಣಗೆ ಎರಡು ಸಲ ಕೆಮ್ಮಿ ಸುಮ್ಮನಾದರೆ, ಮುಂದಿನದು ಉಸಿರೇ ಕಟ್ಟೋದು.

ಬೆಲ್ಟ್ ಬಿಚ್ಚಿ ಅವನನ್ನ ಎತ್ಕೊಂಡೆ. ಆ ವಿಮಾನದ ಹುಡುಗಿ ತನ್ನ ಸೀಟಿಂದಲೇ ಕೂಗಿದಳು, "ಕೂತ್ಕೊಳ್ಳಿ! ಬಿದ್ದು ಸಾಯ್ತೀರಾ!"

"ಔಷಧಿ ಮುಂದಿದೆ ತಾಯೀ!"

ಕೂರಲಿಲ್ಲ ನಾನು. ಒಂದೊಂದೇ ಸೀಟು ಹಿಡಿದು, ಯಾರ ತಲೆ ಮೇಲೆ ಕೈ ಇಟ್ಟೆನೋ, ಯಾರ ಕಾಲು ತುಳಿದೆನೋ. ಅವನ ತುಟಿ ನೀಲಿಗೆ ತಿರುಗ್ತಿತ್ತು. ಪರದೆ ಸರಿಸಿದರೆ ಒಳಗೆಲ್ಲ ಮಬ್ಬು, ಮೇಡಂ ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದ್ದರು. ಅಲ್ಲಾಡಿಸಿದೆ. "ನೀನಿಲ್ಲಿ ಯಾಕೆ ಬಂದೆ?" ಅಂದರು. ಆಮೇಲೆ ಮಗನ ಮುಖ ಕಂಡಿತು. ಬ್ಯಾಗು ನಾನು ಹಿಡ್ಕೊಂಡೆ, ಜಿಪ್ಪು ಅವರು ಎಳೆದರು. ಪಂಪು ಒತ್ತಿದರು. ಉಸಿರು ಬಂತು. ಸಾಹೇಬರು ಆಗ ಎಚ್ಚರಾಗಿ, "ಇಳಿಯೋ ಊರು ಬಂತಾ?" ಅಂದರು.

ಇಲ್ಲಿಗೆ ಬಂದ ಮೇಲೆ ಯಾರೂ ಅದರ ಮಾತೆತ್ತಲಿಲ್ಲ. ಇವತ್ತು ಸಂಜೆ ನಾನೇ ಧೈರ್ಯ ಮಾಡಿದೆ. ಕೆಲಸ ಹೋದರೆ ಹೋಗಲಿ ಅಂತ, "ಮೇಡಂ, ನಾಳೆ ಪಂಪು ನನ್ನ ಹತ್ರ ಇರಲಿ" ಅಂದೆ.

ಅವರು ಅಂದರು, "ಬೇಡ. ಟಿಕೆಟ್ ಬದಲಾಯಿಸಿದೀನಿ. ನಾಳೆ ನಾನೇ ಅವನ ಪಕ್ಕ ಕೂರ್ತೀನಿ. ನೀನು ನನ್ನ ಸೀಟಲ್ಲಿ ಮಲಗು."

ಸಾಹೇಬರು ನಕ್ಕರು. "ಲಾಟರಿ ಹೊಡೆದೆ ಕಣಮ್ಮ!"

ನಗಬೇಡ ಅಕ್ಕಾ. ನಾಳೆ ನಿನ್ನ ತಂಗಿ ಮಹಾರಾಣಿ ಹಾಗೆ ಕಾಲು ಚಾಚಿ ಹೋಗ್ತಾಳೆ. ತಾಯಿ ಮಗು ಒಟ್ಟಿಗೆ ಕೂರ್ತಾರೆ, ನ್ಯಾಯವಾಗಿ ನನಗೆ ಸಮಾಧಾನ ಆಗಬೇಕು. ಆದರೆ ಅವನು ಹಿಂದೆ ಕೆಮ್ಮಿದರೆ ಮುಂದೆ ಕೂತ ನನಗೆ ಕೇಳಿಸಲ್ವಲ್ಲ. ಮೇಡಂಗೂ ಅದೇ ದಿಗಿಲು. ಆಗಲೇ ಅಡುಗೆಮನೆಗೆ ಬಂದು, "ಅದು ಹೇಗೆ ಶುರುವಾಗುತ್ತೆ? ಮಾಡಿ ತೋರಿಸು" ಅಂದರು. ನಾನು ಕೆಮ್ಮಿ ತೋರಿಸಿದೆ. ಅವರು ಕೆಮ್ಮಿದರು. "ಹೀಗಾ?" "ಇಲ್ಲ, ಇನ್ನೂ ಸಣ್ಣಗೆ." ಪಾತ್ರೆ ಮಧ್ಯೆ ನಿಂತು ಇಬ್ಬರೂ ಕೆಮ್ಮಿದ್ದೇ ಕೆಮ್ಮಿದ್ದು. ಕೊನೆಗೆ ಅವರ ಕಣ್ಣಲ್ಲಿ ನೀರು. "ನನ್ನ ಮಗ ಕಣೇ. ನಿನ್ನ ಹತ್ರ ಕಲೀಬೇಕಾಯ್ತಲ್ಲ" ಅಂದರು. ಲೋಟ ತೊಳೀತಾ ನಿಂತೆ.

ಸರಿ, ಚಾರ್ಜ್ ಮುಗೀತಿದೆ. ಭಾವನ್ನ ಕೇಳಿದೆ ಅಂತ ಹೇಳು. ನೀವೆಲ್ಲ ತಣ್ಣಗಿರಿ, ನಿನಗೆ ಯಾವ ಕಷ್ಟವೂ ಬಾರದಿರಲಿ. ಮರಿಗೆ ಮುತ್ತು.

ನಿನ್ನ ತಂಗಿ

ಇನ್ನೊಂದು ಮಾತು ಅಕ್ಕಾ, ಬೇರೆ ವಾಯ್ಸ್ ಮೆಸೇಜಲ್ಲಿ ಹೇಳ್ತಿದೀನಿ. ಉತ್ತರ ಯಾಕೆ ಕೊಡಲಿಲ್ಲ ಅಂದ್ರೆ, ನೀನು ಕಳಿಸಿದ್ದರಲ್ಲಿ, ನೀನು ಮಾತಾಡ್ತಿರುವಾಗ, ಹಿಂದೆ ಒಂದು ಮಗು ಕೆಮ್ಮಿತು. 'ಯಾರ ಮಗು ಬಂದಿದೆ ಮನೆಗೆ?' ಅಂದ್ಕೊಂಡೆ. ಕೇಳೋಣ ಅಂತ ಬಾಯಿ ತೆರೆದೆ ಕೂಡ. ಆಮೇಲೆ ನೀನು ತಿರುಗಿ, "ಬಾ ಮರೀ, ನೀರು ಕುಡಿ" ಅಂದೆ.

ನನ್ನ ಮಗಳು ಅಕ್ಕಾ. ನನಗೆ ಗೊತ್ತಾಗಲಿಲ್ಲ.

ಅವಳು ನಿದ್ದೆ ಮಾಡುವಾಗ ಫೋನು ದಿಂಬಿನ ಪಕ್ಕ ಇಟ್ಟು, ಉಸಿರಾಡೋದನ್ನ ರೆಕಾರ್ಡ್ ಮಾಡಿ ಕಳಿಸು. ನೀನೇನೂ ಮಾತಾಡಬೇಡ. ನಾಳೆ ಆ ದೊಡ್ಡ ಸೀಟಲ್ಲಿ ಮಲಗಿ ಅದನ್ನೇ ಕೇಳ್ತೀನಿ.