ಅಪ್ಪನ ಕೈತುತ್ತು

ಅಮ್ಮಾ,

ಇವತ್ತು ಬೆಳಿಗ್ಗೆ ಅಣ್ಣನಿಗೆ ಹೊಡೆದುಬಿಟ್ಟೆ.

ನಾಳೆ ನಾನು ಉಡುಪಿಯಲ್ಲಿ ನರ್ಸ್ ಕೆಲಸಕ್ಕೆ ಸೇರಬೇಕು. ನೀನು ತೀರಿಕೊಂಡ ಮೇಲೆ ಅಣ್ಣ ಉಣ್ಣುವುದು ನನ್ನ ಕೈಯಿಂದ ಮಾತ್ರ. ಮೂವತ್ತು ತುಂಬಿದರೂ ಅವನಿನ್ನೂ ಮಗುವೇ ಅಲ್ಲವೇ? ಒಂದು ವಾರ ಅಪ್ಪ ತಿನ್ನಿಸಲು ನೋಡಿದರು. ಅವನು ಹಲ್ಲು ಕಚ್ಚಿ ಕೂತ. ಇವತ್ತೂ ಅಷ್ಟೇ.

"ಹಸಿವಾದ್ರೆ ತಿಂತಾನೆ, ನೀನು ಹೊರಡಮ್ಮ" ಅಂದರು ಅಪ್ಪ. ಬ್ಯಾಗ್ ಎತ್ತಿಕೊಂಡೆ. ಅಣ್ಣ ಓಡಿಬಂದು ಅದರ ಪಟ್ಟಿ ಹಿಡಿದುಕೊಂಡ.

"ಬಿಡು ಅಣ್ಣ! ನಾನೂ ಬದುಕ್ಬೇಕು!" ಎಂದು ಕಿರುಚಿ ಕೆನ್ನೆಗೆ ಬಾರಿಸಿದೆ.

ಅವನು ಅಳಲಿಲ್ಲ. ವಾಪಸ್ ಹೋಗಿ ಅಪ್ಪನ ಮುಂದೆ ಕೂತು ಬಾಯಿ ತೆರೆದ. ನನ್ನನ್ನೇ ನೋಡುತ್ತಾ ಒಂದಾದ ಮೇಲೊಂದು ತುತ್ತು ನುಂಗಿದ.

"ನೋಡು, ತಿಂದ! ಇನ್ನು ಹೊರಡು" ಎಂದು ಅಪ್ಪ ಕಣ್ಣೊರೆಸಿಕೊಂಡರು.

ಭದ್ರಾವತಿ ಬಿಟ್ಟೆ. ಶಿವಮೊಗ್ಗದಲ್ಲಿ ಬಸ್ ಬದಲಿಸುವಾಗ ನಮ್ಮೂರಿಗೆ ವಾಪಸ್ ಹೋಗುವ ಬಸ್ಸೂ ಪಕ್ಕದಲ್ಲೇ ನಿಂತಿತ್ತು. ಹತ್ತಲಿಲ್ಲ. ಈಗ ಗಾಜನೂರೂ ದಾಟಿತು. ಅಪ್ಪ ಎರಡು ಸಲ ಫೋನ್ ಮಾಡಿದರು. ಎತ್ತಲು ನನಗೆ ಧೈರ್ಯವಿಲ್ಲ.

ಅವನ ಮನಸ್ಸು ನಿನಗೊಬ್ಬಳಿಗೇ ಗೊತ್ತಾಗುತ್ತಿತ್ತು. ಹೇಳಮ್ಮಾ, ಅವನು ನನ್ನನ್ನು ಕಳಿಸಿಕೊಡಲೆಂದು ತಿಂದನೋ, ನನಗೆ ಹೆದರಿ ತಿಂದನೋ?

ನಿನ್ನ
ರೇಣು